ನಜೀರಸಾಬ ತೆರೆಸಿದ ಕಣ್ಣುಗಳು

ನನ್ನ ಅಂಗಡಿಯಲ್ಲಿ ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು ಗೋಡೆ ಏರಿದ ತೀರಿಹೋದ ಮುದುಕಿಯರಲ್ಲಿ ನಲವತ್ತು ಮಂದಿಗಾದರೂ ಕಣ್ಣು ಒಂದೇ. ಶಿರಹಟ್ಟಿಯವರು, ಮುಂಡರಗಿಯವರು, ಕಳಸಾಪುರದವರು, ಲಕ್ಷ್ಮೇಶ್ವರದ ಆಚೆಯ ಹಳ್ಳಿಯವರು. ಮನೆತನ ಬೇರೆ, ಸತ್ತ ವರ್ಷ ಬೇರೆ, ಕಣ್ಣು ಮಾತ್ರ ಬೆಟಗೇರಿಯ ದಿಲಶಾದಬಿಯದು. ಇದು ಗೊತ್ತಿರುವವರು ಈಗ ಮೂವರು. ನೀವು ನಾಲ್ಕನೆಯವರು. ಆ ಮನೆಗಳವರ ಹೆಸರನ್ನು ನಾನು ಬೇಕೆಂದೇ ಬದಲಿಸಿದ್ದೇನೆ, ಹುಡುಕಿಕೊಂಡು ಹೋಗಬೇಡಿ.

ನಾನು ಮಹಾದೇವ. ಫೋಟೋಗಳಿಗೆ ಗಾಜು, ಕಟ್ಟು ಹಾಕುವುದು ನನ್ನ ಕಸುಬು. ನಮ್ಮಪ್ಪ ಮಗ್ಗದ ಮೇಲೆ ಸೀರೆ ನೇಯುತ್ತಿದ್ದ. ನನಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವ ತಾಳ್ಮೆ ಇರಲಿಲ್ಲ. ಈಗಲೂ ಇಲ್ಲ. ನನ್ನ ಹೆಂಡತಿ ಹೇಳುವಂತೆ ನನ್ನ ಮೂಗಿನ ತುದಿಯಲ್ಲೇ ಸಿಟ್ಟು. ಈ ಕತೆ ಹೇಳುವಾಗಲೂ ಯಾರ ಮೇಲೋ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಇಷ್ಟು ವರ್ಷವಾದರೂ ಗೊತ್ತಾಗಿಲ್ಲ.

ನಜೀರಸಾಬ ಬೆಟಗೇರಿಯಲ್ಲಿ ನನ್ನ ಪಕ್ಕದ ಅಂಗಡಿಗೆ ಬಂದದ್ದು ಗದಗ ಜಿಲ್ಲೆಯಾದ ಮರುವರ್ಷ. ಊರಿಗೆ ಊರೇ ತಾನು ದೊಡ್ಡದಾದೆನೆಂದು ಬೀಗುತ್ತಿದ್ದ ಕಾಲ ಅದು. ಎಲ್ಲಿ ನೋಡಿದರೂ ಹೊಸ ಕಚೇರಿ, ಹೊಸ ಬೋರ್ಡು. ಅವನೂ ಒಂದು ಬೋರ್ಡು ಬರೆಸಿದ: ಕೈನಾತ ವಿಡಿಯೋ ಮಿಕ್ಸಿಂಗ್. ಕೈನಾತ ಅವನ ಒಬ್ಬಳೇ ಮಗಳು, ಆಗಿನ್ನೂ ತೊಟ್ಟಿಲಲ್ಲಿದ್ದಳು. ಮದುವೆ ವಿಡಿಯೋಕ್ಕೆ ಇಂದ್ರಜಾಲ ಹಚ್ಚುವುದು ಅವನ ಕೆಲಸ. ಲಕ್ಷ್ಮೇಶ್ವರದ ಬಸ್ಸಿನಲ್ಲಿ, ಮುಂಡರಗಿಯ ಬಸ್ಸಿನಲ್ಲಿ ಕ್ಯಾಸೆಟ್ಟಿನ ಚೀಲಗಳು ಬರುತ್ತಿದ್ದವು. ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ತೆಗೆದ ಮದುಮಗಳು ಅವನ ಯಂತ್ರದೊಳಗೆ ಹೋಗಿ ತಾವರೆಯಿಂದ ಎದ್ದು ಬರುತ್ತಿದ್ದಳು. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಮದುಮಗ ಸಮುದ್ರದ ದಂಡೆಯ ಮೇಲೆ ಕೈ ಬೀಸುತ್ತಿದ್ದ. ಎಲ್ಲಿ ಕೈ ಖಾಲಿ ಎನಿಸಿತೋ ಅಲ್ಲಿ ಗುಲಾಬಿ ಸುರಿಸುವುದು ನಜೀರಸಾಬನ ಚಟ. ಬೀಗರು ಉಣ್ಣುವಾಗಲೂ ಎಲೆಯ ಮೇಲೆ ಗುಲಾಬಿ ಬೀಳುತ್ತಿತ್ತು.

ಒಮ್ಮೆ ಮುಂಡರಗಿ ಕಡೆಯ ಹಿರಿಯರೊಬ್ಬರು ಬಂದು, "ಸಾಬ್ರ, ನಮ್ಮ ಹುಡುಗನ್ನ ಮೋಡದಾಗ ಚೂರು ಹಾರಸ್ರಿ" ಅಂದರು.

"ಎಷ್ಟ ಮ್ಯಾಲ ಹಾರಸ್ಲಿರಿ?"

"ಬೀಗರ ಕಣ್ಣ ಕುಕ್ಕುವಷ್ಟ."

ಆ ದಿನ ಊಟದ ಡಬ್ಬಿ ತಂದಿದ್ದ ಅವನ ಹೆಂಡತಿ ದಿಲಶಾದಬಿ ತಲೆಯ ಮೇಲಿನ ಓಡ್ನಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕದ್ದು ನನಗೆ ನೆನಪಿದೆ. ಅವಳ ತವರು ಲಕ್ಷ್ಮೇಶ್ವರ. ಅವಳ ಅಪ್ಪ ಮಸೀದಿಯಲ್ಲಿ ಮಕ್ಕಳಿಗೆ ಅರಬ್ಬಿ ಕಲಿಸುತ್ತಿದ್ದವರು. ಚಿತ್ರ ತೂಗುಹಾಕುವುದು ಪಾಪವೆಂದು ಅವರ ಮನೆಯ ಗೋಡೆಯ ಮೇಲೆ ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ. ಗಂಡ ಊರಿನವರನ್ನೆಲ್ಲ ಹಾರಿಸಿದರೂ ತಾನು ಮಾತ್ರ ಒಂದು ದಿನವೂ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ಅವಳ ಕಣ್ಣು ದೊಡ್ಡವೇನಲ್ಲ. ಆದರೆ ಎದುರಿಗೆ ಯಾರೇ ಮಾತಾಡಲಿ, ಅವರ ಮಾತು ಮುಗಿಯುವವರೆಗೆ ಆ ಕಣ್ಣು ಬೇರೆ ಕಡೆ ಹೋಗುತ್ತಿರಲಿಲ್ಲ. ನನ್ನಂಥ ಸಿಡುಕನೂ ಅವಳೆದುರು ನಾಲ್ಕು ಮಾತು ಹೆಚ್ಚು ಆಡುತ್ತಿದ್ದೆ.

ಹದಿನೈದು ವರ್ಷ ಹೀಗೆ ನಡೆಯಿತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ತಾವರೆ, ಮೋಡ, ಸಮುದ್ರ ಎಲ್ಲ ಬೆರಳ ತುದಿಯಲ್ಲೇ ಸಿಗುವಾಗ ನಜೀರಸಾಬ ಯಾರಿಗೆ ಬೇಕು? ಹೊಸ ಹುಡುಗರು ಅವನ ಗುಲಾಬಿ ನೋಡಿ ನಗತೊಡಗಿದರು. ಹಸಿರು ಬಟ್ಟೆ ಮಡಿಕೆಯಲ್ಲೇ ಬಣ್ಣಗೆಟ್ಟಿತು. ತನ್ನ ಅಂಗಡಿಯ ಬಾಗಿಲು ತೆರೆದಿಟ್ಟು ಅವನು ನನ್ನ ಅಂಗಡಿಯಲ್ಲಿ ಬಂದು ಕೂಡುತ್ತಿದ್ದ. ನಾನು ಗಾಜು ಕೊರೆಯುವಾಗ ಯಾರಾದರೂ ನೋಡುತ್ತ ಕೂತರೆ ನನಗೆ ಆಗುವುದಿಲ್ಲ. ಆದರೂ ಅವನಿಗೆ ಏಳೆಂದು ಹೇಳಲಿಲ್ಲ.

ಆಗ ಬಂದಳು ಶಿರಹಟ್ಟಿಯ ಬಸವಣ್ಣೆವ್ವ. ಗಂಡ ತೀರಿದ ಮೇಲೆ ತವರಿಗೆ ಬಂದು ತಾಯಿಯ ಜೊತೆಯೇ ಬದುಕಿದವಳು. ಆ ತಾಯಿ ಕಳಕವ್ವ ಹೋಗಿ ಹನ್ನೆರಡು ದಿನವಾಗಿತ್ತು. ನಮ್ಮ ಕಡೆ ಲಿಂಗವಂತರ ಮನೆಯಲ್ಲಿ ಜೀವ ಹೋದವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವು. ಬದುಕಿದ್ದಾಗ ಫೋಟೋಕ್ಕೆ ಪುರಸೊತ್ತಾಗದವರಿಗೆ ಅವತ್ತೇ ಫೋಟೋದವನನ್ನು ಕರೆಸುತ್ತಾರೆ. ಕಳಕವ್ವನದು ಹಾಗೆ ಸತ್ತ ಮೇಲೆ ತೆಗೆಸಿದ ಒಂದೇ ಫೋಟೋ. ಕಣ್ಣು ಮುಚ್ಚಿತ್ತು.

"ಸಾಬ್ರ, ನೀವು ಮನಶ್ಯಾರನ್ನ ಹಾರಸ್ತಿದ್ರಿ ಅಂತ ಕೇಳೇನಿ," ಅಂದಳು ಬಸವಣ್ಣೆವ್ವ. "ನಮ್ಮವ್ವನ ಕಣ್ಣ ತೆರೆಸಿ ಕೊಡ್ರಿ. ಮತ್ತೇನೂ ಬ್ಯಾಡ. ದಿನಾ ರೊಟ್ಟಿ ಬಡೀವಾಗ ಎದುರಿಗೆ ಕುಂತ ನನ್ನ ಮಾತ ಕೇಳ್ತಿದ್ಳು. ಹಂಗ ಕೇಳಿಸಿಕೊಳ್ಳೂ ಕಣ್ಣ ಬೇಕ."

ಮಾತು ಮುಗಿಸುವಷ್ಟರಲ್ಲಿ ಅಳು ಬಂತು. ಡಬ್ಬಿ ತಂದ ದಿಲಶಾದಬಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು.

ನಜೀರಸಾಬ ವಾರಗಟ್ಟಲೆ ಕೂತ. ಯಾವ ಯಾವುದೋ ಫೋಟೋದ ಕಣ್ಣು ತಂದು ಹೊಂದಿಸಿದ. ನಟಿಯೊಬ್ಬಳ ಕಣ್ಣಿಟ್ಟರೆ ಕಳಕವ್ವ ನಾಟಕದವಳಂತೆ ಕಂಡಳು. ತನ್ನ ಕಣ್ಣಿಟ್ಟರೆ ಬೀಡಿ ಕೇಳುವವಳಂತೆ ಕಂಡಳು. ನಾವಿಬ್ಬರೂ ನಗಬಾರದೆಂದು ಗೊತ್ತಿದ್ದೂ ನಕ್ಕೆವು. ದಿಲಶಾದಬಿ ನಗಲಿಲ್ಲ. ಸ್ವಲ್ಪ ಹೊತ್ತು ಕಂಪ್ಯೂಟರಿನ ತೆರೆ ನೋಡಿ, "ನನ್ನ ಕಣ್ಣ ಹೊಂದತಾವೇನ ನೋಡ್ರಿ" ಅಂದಳು.

ಅವನು ನಂಬದೆ ಅವಳ ಮುಖ ನೋಡಿದ.

"ಮುಖ ಬ್ಯಾಡ. ಕಣ್ಣ ಅಷ್ಟ. ಆ ತಾಯಿ ಸಲುವಾಗಿ ಒಂದ ಸಲ. ಆಮ್ಯಾಲ ಅಳಿಸಿಬಿಡಬೇಕು."

"ಅಳಸ್ತೀನಿ."

"ಖರೆ?"

"ನಿನ್ನ ಮ್ಯಾಲ ಆಣಿ."

ಅವಳು ಓಡ್ನಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತಳು. ಬೆಳಕು ಬೀಳಲೆಂದು ಬಿಳಿ ಥರ್ಮಾಕೋಲಿನ ಹಾಳೆ ಹಿಡಿದು ನಿಂತವನು ನಾನೇ. ಆ ಆಣೆಗೆ ಸಾಕ್ಷಿಯೂ ನಾನೇ.

ಬಸವಣ್ಣೆವ್ವ ಫೋಟೋ ಒಯ್ಯಲು ಬಂದಳು. ನಾನು ಹಾಕಿದ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋದಳು. ಸುತ್ತಲೂ ಜನ ಇದ್ದಾರೆಂಬ ಖಬರಿಲ್ಲದೆ, "ಯವ್ವಾ, ಉಂಡ್ಯಾ?" ಎಂದು ಫೋಟೋವನ್ನು ಕೇಳಿದಳು. ಆಮೇಲೆ ನಜೀರಸಾಬನ ಕಾಲಿಗೆ ಬಗ್ಗಿದಳು. ಅವನು ಹಾರಿ ಹಿಂದೆ ಸರಿದ.

ಒಂದು ತಿಂಗಳಲ್ಲಿ ಸುದ್ದಿ ಜಿಲ್ಲೆಯ ಐದೂ ತಾಲೂಕು ತಿರುಗಿತು. ಬೆಟಗೇರಿಯ ಸಾಬ ಸತ್ತವರ ಕಣ್ಣು ತೆರೆಸುತ್ತಾನೆ ಎಂದು ಜನ ಹುಡುಕಿಕೊಂಡು ಬಂದರು. ಹಳೆಯ ಬೋರ್ಡು ಇಳಿಯಿತು. ಕೈನಾತ ಕ್ರಿಯೇಟಿವ್ ಪೋರ್ಟ್ರೇಟ್ ಸ್ಟುಡಿಯೊ ಎಂಬ ಹೊಸದು ಏರಿತು. ತಂದೆ ಇಲ್ಲದ ಮದುಮಗನ ಹಿಂದೆ ತಂದೆಯನ್ನು ನಿಲ್ಲಿಸಿದ, ತೊಡೆಯ ಮೇಲೆ ಆಡಿಸದೆ ಹೋದ ಅಜ್ಜಿಯ ತೊಡೆಯ ಮೇಲೆ ಮೊಮ್ಮಗನನ್ನು ಕೂಡಿಸಿದ. ಮೋಡ, ಸಮುದ್ರ ಮಾಡಿದ ಕೈಗೆ ಇದೇನು ದೊಡ್ಡದು? ಗಂಡಸರಿಗೆ ಎಂಥ ಕಣ್ಣಿಟ್ಟರೂ ನಡೆಯುತ್ತಿತ್ತು. ನನ್ನವೂ ಎರಡು ಮನೆಯಲ್ಲಿವೆ, ಅವನ್ನು ನೋಡಿ ಯಾರೂ ಅತ್ತ ಸುದ್ದಿಯಿಲ್ಲ. ಹೆಂಗಸರಿಗೆ ಮಾತ್ರ ಬೇರೆ ಯಾವ ಕಣ್ಣೂ ಹೊಂದುತ್ತಿರಲಿಲ್ಲ.

ಎರಡನೆಯ ಮುದುಕಿಗೆ ಅವೇ ಕಣ್ಣು ಕಂಡಾಗ ನಾನು ಕೇಳಿದೆ. "ಲೇ ನಜೀರ, ಅಳಸಿಲ್ಲೇನ?"

"ಅಳಸ್ತೀನಿ ಮಾದೇವಣ್ಣ. ಇದೊಂದ ಆಗಲಿ."

ಇದೊಂದು, ಇದೊಂದು ಎನ್ನುತ್ತ ನಾಲ್ಕು ವರ್ಷ ಹೋಯಿತು. ನಾನು ಮತ್ತೆ ಕೇಳಲಿಲ್ಲ. ಅವನ ಅಂಗಡಿ ತುಂಬಿದರೆ ನನ್ನದೂ ತುಂಬುತ್ತಿತ್ತು. ಕಳ್ಳನಿಗೆ ಏಣಿ ಹಿಡಿದವನೂ ಕಳ್ಳನೇ; ನಾನು ಕಟ್ಟು ಹಾಕಿದೆ.

ಆ ವರ್ಷ ಬೇಸಿಗೆಗೆ ಮೆಣಸಿನಕಾಯಿ ತರಲು ನನ್ನ ಹೆಂಡತಿಯ ಜೊತೆ ದಿಲಶಾದಬಿ ಕಳಸಾಪುರಕ್ಕೆ ಹೋದಳು. ರೈತರ ಮನೆ. ಕೂಡಿಸಿ ನೀರು ಕೊಟ್ಟರು. ಎದುರಿಗೆ ಗೋಡೆಯಲ್ಲಿ ಆ ಮನೆಯ ತೀರಿಹೋದ ಅತ್ತೆ. ಗಾಜಿನ ಮೇಲೆ ಕುಂಕುಮ, ಮುಂದೆ ಉರಿಯುವ ದೀಪ. ದಿಲಶಾದಬಿ ನೀರಿನ ತಂಬಿಗೆ ಹಿಡಿದುಕೊಂಡೇ ಕೂತಳಂತೆ, ಕುಡಿಯಲಿಲ್ಲವಂತೆ. ಬಿಸಿಲು ಬಡಿದಿರಬೇಕೆಂದು ನನ್ನ ಹೆಂಡತಿ ತಿಳಿದಳು.

ದಿಲಶಾದಬಿ ಮನೆಗೆ ಹೋಗದೆ ನೆಟ್ಟಗೆ ಅಂಗಡಿಗೆ ಬಂದಳು. ನಾನೂ ಅಲ್ಲೇ ಇದ್ದೆ.

"ಎಷ್ಟ ಮನ್ಯಾಗ ಅದೀನಿ ನಾ?" ಎಂದು ಗಂಡನನ್ನು ಕೇಳಿದಳು.

ಅವನು ಕಂಪ್ಯೂಟರಿನ ತೆರೆ ಆರಿಸಿದ. ಅವಳು ನನ್ನ ಕಡೆ ತಿರುಗಿ, "ನಿಮಗೂ ಗೊತ್ತಿತ್ತೇನ್ರಿ ಅಣ್ಣಾರ?" ಅಂದಳು. ನಾನು ನೆಲ ನೋಡಿದೆ.

"ಅವರು ನನ್ನ ಮುಂದ ದೀಪಾ ಹಚ್ಯಾರ. ತಪ್ಪ ಅವರದಲ್ಲ. ನಾ ನಾಳೆ ಮ್ಯಾಲ ಹೋಗಿ ಅಲ್ಲಾನ ಮುಂದ ಏನಂತ ಜವಾಬ ಕೊಡ್ಲಿ?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ತವರಿಗೆ ಹೋಗಲಿಲ್ಲ, ಅಡಿಗೆ ನಿಲ್ಲಿಸಲಿಲ್ಲ. ಆದರೆ ಅವತ್ತಿನಿಂದ ಗಂಡ ಮಾತಾಡುವಾಗ ಅವಳು ಕಣ್ಣು ಕೆಳಗೆ ಹಾಕತೊಡಗಿದಳು. ನಜೀರಸಾಬ ನನಗೆ ಇದನ್ನು ಹೇಳಿದ್ದು ಬಹಳ ತಡವಾಗಿ. "ಮನ್ಯಾಗ ಎಲ್ಲಾ ಮೊದಲಿನಂಗ ಐತಿ ಮಾದೇವಣ್ಣ. ಅಕಿ ನನ್ನ ನೋಡೂದಿಲ್ಲ, ಅಷ್ಟ." ಮಾಫಿ ಕೇಳು ಎಂದೆ. ಕೇಳ್ತೀನಿ ಅಂದ. ಅಳಸ್ತೀನಿ ಅಂದ ಹಾಗೆಯೇ ಇದೂ. ಎರಡು ವರ್ಷ ಕಳೆದವು. ಒಂದು ಮುಂಜಾನೆ ಎದೆ ನೋವೆಂದು ಗೋಡೆ ಹಿಡಿದು ಕೂತವಳು ಮೇಲೇಳಲಿಲ್ಲ. ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಅವಳನ್ನು ಮಣ್ಣಿಗೆ ಕೊಟ್ಟು ಬಂದೆವು.

ಮೂರು ವರ್ಷದ ಮೇಲೆ ಕೈನಾತಳ ಮದುವೆ ಮುಂಡರಗಿಯ ತಾರಿಕ್ ಎಂಬವನ ಜೊತೆ ಗೊತ್ತಾಯಿತು. ಹುಡುಗ ಒಳ್ಳೆಯವನು. ಅಂಗಡಿಯ ತುಂಬ ಬೇರೆಯವರ ತಾಯಂದಿರನ್ನು ನೋಡುತ್ತ ಬೆಳೆದ ಹುಡುಗಿ ಅಪ್ಪನನ್ನು ಒಂದೇ ಒಂದು ಕೇಳಿದಳು.

"ಅಬ್ಬಾ, ನಿಕಾದ ಫೋಟೋದಾಗ ಅಮ್ಮೀನ್ನ ನನ್ನ ಬಾಜೂಕ ನಿಂದ್ರಸ್ರಿ. ಎಲ್ಲಾರಿಗೂ ಮಾಡಿ ಕೊಟ್ಟೀರಿ."

"ಅಮ್ಮೀಗೆ ಫೋಟೋ ಅಂದ್ರ ಆಗ್ತಿರಲಿಲ್ಲವ್ವ."

"ಗೊತ್ತೈತಿ. ಬೈತಾಳ. ಬೈಯಾಕಾದ್ರೂ ಬರಲಿ."

ನಜೀರಸಾಬ ಹ್ಞೂಂ ಅಂದ. ಅವತ್ತಿನಿಂದ ಬೇರೆ ಕೆಲಸ ಹಿಡಿಯಲಿಲ್ಲ. ಆಧಾರ ಕಾರ್ಡಿನಲ್ಲಿ ಒಂದು ಮುಖವಿತ್ತು: ಕಡಲೆಕಾಳಿನಷ್ಟು, ಮಸಿ ಹತ್ತಿದ್ದು, ರೆಪ್ಪೆ ಅರ್ಧ ಮುಚ್ಚಿದ್ದು. ಅದನ್ನು ಹಿಗ್ಗಿಸಿದರೆ ಬರೀ ಚುಕ್ಕೆ. ಹಾಗಾದರೆ ಹಳೆಯ ಮದುವೆಗಳಲ್ಲಿ ಎಲ್ಲಾದರೂ ಇದ್ದಾಳು ಎಂದು ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನೆಲ್ಲ ಇಳಿಸಿದ. ಕ್ಯಾಮೆರಾ ತನ್ನ ಕಡೆ ತಿರುಗಿದಾಗಲೆಲ್ಲ ದಿಲಶಾದಬಿ ಬೆನ್ನು ಮಾಡಿದ್ದಳು. ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ಮಾತ್ರ ತಟ್ಟೆ ಹಿಡಿದು ಎದುರಿನಿಂದ ಬರುತ್ತಿದ್ದಳು. ಓಡ್ನಿ ಸರಿದಿತ್ತು, ನಗುತ್ತಿದ್ದಳೋ ಏನೋ. ನನ್ನನ್ನು ಕೂಗಿ ಕರೆದ. ನಾನು ಹೋಗಿ ನೋಡಿದೆ. ಅವಳ ಮುಖದ ಮೇಲೆ ಸರಿಯಾಗಿ ಅವನೇ ಸುರಿಸಿದ ಗುಲಾಬಿ ಬೀಳುತ್ತಿದ್ದವು. ಅವಳು ಬಾಗಿಲು ದಾಟಿ ಹೋಗುವವರೆಗೂ ಬಿದ್ದವು.

"ಮೂಲ ಕ್ಯಾಸೆಟ್?" ಎಂದೆ.

"ಅದರ ಮ್ಯಾಲ ಮತ್ತೊಂದ ಮದುವಿ ತುಂಬೇನಿ."

ನನಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಅವನೇ ಹಣೆ ಚಚ್ಚಿಕೊಳ್ಳುತ್ತಿದ್ದ, ಕೈ ಹಿಡಿದುಕೊಂಡೆ.

ಇನ್ನು ಉಳಿದದ್ದು ಕಂಪ್ಯೂಟರಿನಲ್ಲಿದ್ದ ಕಣ್ಣು. ಅವನ್ನು ಇಟ್ಟು, ಉಳಿದ ಮುಖವನ್ನು ನೆನಪಿನಿಂದ, ಮಗಳ ಗದ್ದದಿಂದ, ಆಧಾರದ ಚುಕ್ಕೆಗಳಿಂದ ಕಟ್ಟಿದ. ಎರಡು ತಿಂಗಳು ಹಿಡಿಯಿತು. ಮಾಡಿ ನಿಲ್ಲಿಸಿದರೆ ಅಲ್ಲಿ ದಿಲಶಾದಬಿ ಇಲ್ಲ. ಯಾರೋ ಒಬ್ಬ ಒಳ್ಳೆಯ ಮುದುಕಿ. ಗದ್ದ ತಿದ್ದಿದ, ಹುಬ್ಬು ತಿದ್ದಿದ, ಮತ್ತೆ ಮುದುಕಿ. ಆಗ ತಪ್ಪು ಎಲ್ಲಿದೆ ಎಂದು ಅವನಿಗೆ ಹೊಳೆಯಿತು. ಒಬ್ಬಳಿಗೆ ಅಂಚು ಸ್ವಲ್ಪ ಕೆಂಪು, ಇನ್ನೊಬ್ಬಳಿಗೆ ರೆಪ್ಪೆ ಸ್ವಲ್ಪ ಜೋಲು, ಮತ್ತೊಬ್ಬಳಿಗೆ ನೀರು ಆಡಿದ ಹಾಗೆ ಹೊಳಪು. ಒಬ್ಬೊಬ್ಬಳಿಗೂ ಆ ಕಣ್ಣನ್ನು ತಿದ್ದಿ ತಿದ್ದಿ, ಪ್ರತಿ ಸಲವೂ ಹಳೆಯದರ ಮೇಲೆಯೇ ಸೇವ್ ಮಾಡಿದ್ದ. ಕ್ಯಾಮೆರಾದಲ್ಲಿದ್ದುದನ್ನೂ ಕೊಟ್ಟು ಮುಗಿದ ಹಳೆಯ ಫೋಟೋಗಳನ್ನೂ ಯಾವತ್ತೋ ಒರೆಸಿಯಾಗಿತ್ತು. ಮೊದಲಿನ ಕಣ್ಣು ಎಲ್ಲಿಯೂ ಇರಲಿಲ್ಲ.

ನನ್ನ ಅಂಗಡಿಗೆ ಬಂದು ಕೂತ. "ಅಳಿಸಿದ್ದರ ಅಕಿಗೆ ಕೊಟ್ಟ ಮಾತರ ಉಳೀತಿತ್ತು, ಹಂಗ ಇಟ್ಟಿದ್ದರ ಕಣ್ಣರ ಉಳೀತಿದ್ವು. ಎರಡೂ ಕಳಕೊಂಡ್ನಿ ಮಾದೇವಣ್ಣ." ಅಳುತ್ತ ಹೇಳಿದ್ದಕ್ಕೆ ಅರ್ಧ ನನಗೆ ತಿಳಿಯಲಿಲ್ಲ, ಆಮೇಲೆ ಮತ್ತೆ ಹೇಳಿಸಿಕೊಂಡೆ. ಅತ್ತವನನ್ನು ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಚಹಾ ತರಿಸಿದೆ. ಇಬ್ಬರದೂ ಆರಿತು.

ಆಗ ನಾನೇ ನೆನಪು ಮಾಡಿದೆ. ತಿದ್ದದ ಕಣ್ಣು ಒಂದು ಕಡೆ ಇದೆ. ಶಿರಹಟ್ಟಿಯ ಕಳಕವ್ವನ ಫೋಟೋದಲ್ಲಿ. ಅದು ಮೊದಲನೆಯದು.

ಅವನಿಗೆ ಜೀವ ಬಂತು, ಮತ್ತೆ ಹೋಯಿತು. "ಅದರ ಫೋಟೋ ನಾ ತೆಗ್ಯಂಗಿಲ್ಲ. ಒಂದ ಸಲ ಅಷ್ಟ ಅಂದಿದ್ಳು."

ಅಷ್ಟು ವರ್ಷ ಇಲ್ಲದ ನಿಯತ್ತು ಈಗ ಬಂದಿತ್ತು. ನಾನು ಸಿಟ್ಟಿನಿಂದಲೇ, "ಹಂಗಾರ ಮಗಳಿಗೆ ಖರೆ ಹೇಳು. ಅಕಿ ತನ್ನ ಮೊಬೈಲಿನಾಗ ತಗೊಂಡ್ರ ತಗೊಳ್ಳಲಿ" ಅಂದೆ. ಅವನು ಆಣೆಯಿಂದ ಹಿಡಿದು ಗುಲಾಬಿಯವರೆಗೆ ಎಲ್ಲವನ್ನೂ ಮಗಳ ಮುಂದೆ ಹೇಳಿದ. ಕೈನಾತ, "ನಾಳೆ ಶಿರಹಟ್ಟಿಗೆ ಹೋಗೂಣು. ಕಾಕಾ, ನೀವೂ ಬರ್ರಿ" ಅಂದಳು.

ಮರುದಿನ ಮೂವರೂ ಬಸ್ಸಿನಲ್ಲಿ ಹೋದೆವು. ಬಸವಣ್ಣೆವ್ವನಿಗೆ ನಿಜ ಹೇಳಬಾರದು ಎಂಬುದೊಂದು ಮಾತ್ರ ಹೊರಡುವ ಮೊದಲೇ ಮಾತಾಗಿತ್ತು. ಒಂಬತ್ತು ವರ್ಷದಿಂದ ತಾಯಿಯೆಂದು ನಂಬಿದವಳ ಬುಡಕ್ಕೆ ಕೊಡಲಿ ಹಾಕಲು ನಾವು ಯಾರು?

ಬಸವಣ್ಣೆವ್ವನಿಗೆ ನಮ್ಮನ್ನು ನೋಡಿ ಹಿಗ್ಗು. "ಬರ್ರಿ ಸಾಬ್ರ, ಬರ್ರಿ ಅಣ್ಣಾರ, ಕುಂಡ್ರಿ. ಮಗಳೇನ್ರಿ ಇಕಿ?" ಎಂದು ಚಾಪೆ ಹಾಸಿದಳು. ನಜೀರಸಾಬ ಹೊಸ್ತಿಲ ಹೊರಗೇ ನಿಂತ. ಕಟ್ಟು ಹಾಕಿಸಿದ ಫೋಟೋಗಳು ಎಲ್ಲಿದ್ದರೂ ನಾನು ಮೊದಲು ಕಟ್ಟು ನೋಡುತ್ತೇನೆ. ಅವತ್ತು ಕಣ್ಣು ನೋಡಿದೆ. ಅಡಿಗೆ ಮನೆಯ ಬಾಗಿಲ ಪಕ್ಕ, ರೊಟ್ಟಿ ಬಡಿಯುವ ಕಲ್ಲಿಗೆ ಎದುರಾಗಿ ಕಳಕವ್ವ ಕೂತಿದ್ದಳು. ಅವಳ ಮುಖದಿಂದ ದಿಲಶಾದಬಿ ನೋಡುತ್ತಿದ್ದಳು.

ಕೈನಾತ ಗೋಡೆಯ ಹತ್ತಿರ ಹೋಗಿ ಕೂತಳು. ಅವಳ ಕೈಯಲ್ಲಿ ಮೊಬೈಲಿನ ಕ್ಯಾಮೆರಾ ತೆರೆದಿತ್ತು.

"ನೋಡ ತಂಗಿ, ನಮ್ಮವ್ವ," ಅಂದಳು ಬಸವಣ್ಣೆವ್ವ. "ನಿಮ್ಮಪ್ಪ ದೇವರಂಥಾ ಮನಶ್ಯಾ. ಅಕಿ ಮುಂದ ನಾಕ ಮಾತ ಆಡಿದ್ರನ ನನಗ ತುತ್ತ ಇಳೀತೈತಿ. ನಿಮ್ಮವ್ವ ಬರಲಿಲ್ಲೇನ?"

"ಅಮ್ಮಿ ಇಲ್ರಿ. ಹೋಗಿ ಮೂರ ವರ್ಷ ಆತು."

"ಅಯ್ಯ ಶಿವನ! ಫೋಟೋ ಅರ ಐತಿಲ್ಲೋ? ಅಪ್ಪನ ಕೈಯಾಗಿನ ಕೆಲಸ."

"ಇಲ್ರಿ. ಅಮ್ಮಿ ಎಂದೂ ತಗಸಗೊಡಲಿಲ್ಲ."

ಬಸವಣ್ಣೆವ್ವ ಎದ್ದು ಬಂದು ಹುಡುಗಿಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. "ಅಳಬ್ಯಾಡ ನನ ಕೂಸ. ನಿನ್ನ ತಾಯಿ ಮುಖ ನೋಡೂ ನಸೀಬ ಇಲ್ಲಂದ್ರ ನಮ್ಮವ್ವನ್ನರ ನೋಡಾಕ ಬಂದ ಹೋಗ್ತಿರು. ಅಕಿಗೆ ಯಾರ ಬಂದ್ರೂ ಮಕ್ಕಳ."

ಕೈನಾತ ಫೋಟೋ ತೆಗೆಯದೆ ಮೊಬೈಲನ್ನು ಮಗುಚಿ ನೆಲದ ಮೇಲಿಟ್ಟಳು. ಕಣ್ಣೊರೆಸಿಕೊಂಡು ಮತ್ತೊಮ್ಮೆ ಗೋಡೆ ನೋಡಿದಳು.

"ನಿಮ್ಮವ್ವ ಭಾಳ ಛಲೋ ನೋಡ್ತಾರ್ರಿ," ಅಂದಳು. "ಬರ್ತಿರ್ತೀನಿ."

ಒಳಗೆ ಬಂದು ಚಹಾ ಕುಡಿಯಿರೆಂದು ಬಸವಣ್ಣೆವ್ವ ನಜೀರಸಾಬನನ್ನು ಎರಡು ಸಲ ಕರೆದಳು. ಅವನು ಗೋಡೆಯ ಕಡೆ ತಲೆ ಎತ್ತಲಿಲ್ಲ, ಒಳಗೂ ಬರಲಿಲ್ಲ.